ಫಿಲ್ಟರ್ ಹಾಕಿದ ಶೀಟಿನಲ್ಲಿ ರೇಟು ಪೇಸ್ಟ್ ಮಾಡಬೇಡಿ

ಕಲಬುರಗಿ ಗಂಜಿನ (ಕಾಳು ಮಾರುಕಟ್ಟೆಯ) ಅಡತಿ ಅಂಗಡಿಗಳಲ್ಲಿ, ದಾಲ್ ಮಿಲ್ಲುಗಳಲ್ಲಿ ಎಕ್ಸೆಲ್‌ನಲ್ಲಿ ತೊಗರಿ ಲೆಕ್ಕ ಬರೆಯುವವರು ಇದನ್ನು ಓದಲೇಬೇಕು. ಇಲ್ಲಿನ ಒಂದು ಮಿಲ್ಲಿನಲ್ಲಿ ಸೀಜನ್ ನಡುವೆ ರೈತರ ಪಟ್ಟಿಗಳ (ಮಾಲಿನ ಬಿಲ್ಲುಗಳ) ರೇಟು ಅದಲುಬದಲಾಗಿ, ತೂಕ ಮಾಡಿದವರಿಂದ ಹಿಡಿದು ಮುನೀಮರವರೆಗೆ ಎಲ್ಲರ ಮೇಲೂ ಅನುಮಾನ ಬಂತು. ಹುಡುಕಿದಾಗ ಸಿಕ್ಕಿದ್ದು ಒಂದು ಪೇಸ್ಟ್.

ಶೀಟಿನಲ್ಲಿ ಎಲ್ಲ ಊರಿನ ಆವಕ ಒಟ್ಟಿಗೇ ಇತ್ತು. ಆಳಂದ ಕಡೆಯ ಮಾಲಷ್ಟೇ ಕಾಣಲೆಂದು ಫಿಲ್ಟರ್ ಹಾಕಿದಾಗ ಕಂಡ ಸಾಲುಗಳು 4, 9, 17 ಎಂದಿಟ್ಟುಕೊಳ್ಳಿ. ಬೇರೆ ಶೀಟಿನಿಂದ ಮೂರು ರೇಟು ಕಾಪಿ ಮಾಡಿ 4ನೇ ಸಾಲಿನಲ್ಲಿ ಪೇಸ್ಟ್ ಒತ್ತಿದರೆ ಅವು ಹೋಗುವುದು 4, 5, 6ಕ್ಕೆ. ಮರೆಯಲ್ಲಿದ್ದ 5, 6 ಜೇವರ್ಗಿ, ಚಿತ್ತಾಪುರದ ರೈತರದ್ದು. ಸ್ಕ್ರೀನಿನಲ್ಲಿ 4 ಸರಿಯಾಗಿದೆ, 9 ಮತ್ತು 17 ಖಾಲಿ. ಪೇಸ್ಟ್ ಆಗಲಿಲ್ಲವೆಂದು ಉಳಿದ ಎರಡು ರೇಟನ್ನು 9ರಲ್ಲಿ ಮತ್ತೆ ಒತ್ತಿದರೆ 10ನೇ ಸಾಲೂ ಕೆಟ್ಟಿತು. ಕ್ವಿಂಟಲ್‌ಗೆ 200 ರೂಪಾಯಿ ಫರಕು ಬಿದ್ದರೂ 50 ಕ್ವಿಂಟಲ್ ಪಟ್ಟಿಯಲ್ಲಿ 10,000 ರೂಪಾಯಿ. ಫೈಲ್ ಮುಚ್ಚಿದ ಮೇಲೆ, ಮಾಡಿದ್ದನ್ನು ರದ್ದು ಮಾಡುವ ಕಂಟ್ರೋಲ್+ಝಡ್ ಕೂಡ ಕೈಗೆ ಸಿಗುವುದಿಲ್ಲ.

ಫಿಲ್ಟರ್ ಸಾಲುಗಳನ್ನು ತೆಗೆಯುವುದಿಲ್ಲ, ಮುಚ್ಚಿಡುತ್ತದೆ ಅಷ್ಟೇ. ಎಡಗಡೆ ಸಾಲಿನ ನಂಬರು ನೀಲಿ ಬಣ್ಣಕ್ಕೆ ತಿರುಗಿದ್ದರೆ ಫಿಲ್ಟರ್ ಚಾಲೂ ಇದೆ ಎಂದರ್ಥ. ಆಗ ಒಂದಕ್ಕಿಂತ ಹೆಚ್ಚು ಸೆಲ್ ಪೇಸ್ಟ್ ಮಾಡುವ ಗೊಡವೆಗೇ ಹೋಗಬೇಡಿ. ಫಿಲ್ಟರ್ ತೆಗೆದು, ಪಕ್ಕದಲ್ಲಿ ಹೊಸ ಕಾಲಂ ಮಾಡಿ, ಪಟ್ಟಿ ನಂಬರಿನ ಮೇಲೆ ವಿ-ಲುಕಪ್ (ನಂಬರು ಹುಡುಕಿ ಅದರ ಎದುರಿನ ಅಂಕಿ ತರುವ ಸೂತ್ರ) ಹಾಕಿ ರೇಟು ಎಳೆದುಕೊಳ್ಳಿ. ಆ ಸೂತ್ರದ ಕಂಸದೊಳಗೆ ಕೊನೆಯ ಜಾಗದಲ್ಲಿ ಸೊನ್ನೆ ಇರಲೇಬೇಕು. ಬಿಟ್ಟರೆ ಹತ್ತಿರದ ಬೇರೆ ನಂಬರಿನ ರೇಟು ತಂದು ಕೂರಿಸುತ್ತದೆ, ಅದು ಇನ್ನೊಂದು ಗೋಳು.

ಮೊತ್ತದಲ್ಲೂ ಇದೇ ಕತೆ. ಸಮ್ ಸೂತ್ರ ಹಾಕಿದರೆ ಮುಚ್ಚಿದ ಸಾಲುಗಳೂ ಕೂಡುತ್ತವೆ. ಕಂಡದ್ದನ್ನಷ್ಟೇ ಕೂಡಲು ಸಬ್‌ಟೋಟಲ್ ಸೂತ್ರ ಬೇಕು, ಕಂಸದೊಳಗೆ ಮೊದಲಿಗೆ ಕೂಡುವ ಕೋಡ್ 9. ಯಾರಾದರೂ ಕೈಯಿಂದ ಸಾಲು ಹೈಡ್ ಮಾಡುವ ರೂಢಿ ಇದ್ದರೆ 109 ಹಾಕಿ, 9 ಅವನ್ನು ಬಿಡುವುದಿಲ್ಲ.

ನಮ್ಮ ಕಡೆ ಊರ ಹೆಸರಿನ ಮೇಲೆ ಫಿಲ್ಟರ್ ಹಾಕುವುದೇ ಅಪಾಯ. ಗುಲ್ಬರ್ಗಾ 2014ರ ನವೆಂಬರ್ 1ಕ್ಕೆ ಕಲಬುರಗಿ ಆಯಿತು, ಪಾರ್ಟಿ ಮಾಸ್ಟರಿನಲ್ಲಿ (ವ್ಯವಹಾರದವರ ಹೆಸರು, ಊರಿನ ಶೀಟಿನಲ್ಲಿ) ಎರಡೂ ಉಳಿದಿವೆ, ಮೇಲೆ ನಾಲ್ಕು ಬಗೆಯ ಇಂಗ್ಲಿಷ್ ಸ್ಪೆಲ್ಲಿಂಗು. ಹುಮನಾಬಾದ್, ಯಾದಗಿರಿಯದೂ ಅದೇ ಪಾಡು. ಒಂದಕ್ಕೆ ಟಿಕ್ ಹಾಕಿದರೆ ಉಳಿದ ಹೆಸರಿನಲ್ಲಿರುವವರ ಬಾಕಿ ವಸೂಲಿಯ ಲಿಸ್ಟಿಗೇ ಬರುವುದಿಲ್ಲ. ಪ್ರತಿ ಪಾರ್ಟಿಗೆ ಒಂದು ಕೋಡ್ ಕೊಡಿ. ರಾಜ್ಯ ಬೇರ್ಪಡಿಸಲು ಜಿಎಸ್‌ಟಿ ನಂಬರಿನ ಮೊದಲ ಎರಡು ಅಂಕಿ ಸಾಕು: ಕರ್ನಾಟಕ 29, ತೆಲಂಗಾಣ 36, ಮಹಾರಾಷ್ಟ್ರ 27.

ಗಡಿ ಅಂಕಿಯಲ್ಲಿ ಮೈಯೆಲ್ಲ ಕಣ್ಣಾಗಿರಿ. 2022ರ ಜುಲೈ 18ರಿಂದ ಪ್ಯಾಕ್ ಮಾಡಿ ಲೇಬಲ್ ಹಚ್ಚಿದ ಬೇಳೆಗೆ ಶೇ 5 ಜಿಎಸ್‌ಟಿ ಬಂದಾಗ ಮಿತಿ 25 ಕೆಜಿವರೆಗೆ, 25 ಸೇರಿಯೇ. ‘25ಕ್ಕಿಂತ ಕಡಿಮೆ’ ಎಂದು ಫಿಲ್ಟರ್ ಹಾಕಿದರೆ 25 ಕೆಜಿ ಚೀಲಗಳೆಲ್ಲ ಹೊರಗೆ. ‘ಕಡಿಮೆ ಅಥವಾ ಸಮ’ ಎಂದೇ ಆರಿಸಬೇಕು.

ತಾರೀಖು ಇನ್ನೂ ಕಳ್ಳ. ಕಂಪ್ಯೂಟರಿನ ಸೆಟ್ಟಿಂಗ್ ಅಮೆರಿಕದ ಪದ್ಧತಿಯಲ್ಲಿದ್ದರೆ ಫೆಬ್ರವರಿ 5 ಎಂದು ಬರೆದ 05/02 ಮೇ 2 ಆಗಿ ಕೂರುತ್ತದೆ. 13/02 ತಾರೀಖೇ ಆಗದೆ ಬರೀ ಅಕ್ಷರವಾಗಿ ಉಳಿಯುತ್ತದೆ. ಫಿಲ್ಟರ್ ಬಾಣ ಒತ್ತಿ ನೋಡಿ: ಎಕ್ಸೆಲ್ ತಾರೀಖೆಂದು ತಿಳಿದವು ವರ್ಷ, ತಿಂಗಳ ಗುಂಪಿನೊಳಗೆ ಇರುತ್ತವೆ, ಅಕ್ಷರವಾಗಿ ಉಳಿದವು ಕೆಳಗೆ ಬಿಡಿಬಿಡಿಯಾಗಿ ನಿಂತಿರುತ್ತವೆ. ಅಂಥದ್ದು ಒಂದು ಕಂಡರೂ ಆ ತಿಂಗಳ ಲೆಕ್ಕ ನಂಬಬೇಡಿ, ಕಾಲಂ ಪೂರ್ತಿ ಸರಿಮಾಡಿ.

ದಿನಕ್ಕೊಂದು ಖಾಲಿ ಸಾಲು ಬಿಟ್ಟು ಬರೆಯುವವರಿದ್ದಾರೆ. ಮೊದಲ ಖಾಲಿ ಸಾಲಿಗೇ ಫಿಲ್ಟರ್ ನಿಂತುಬಿಡುತ್ತದೆ, ಕೆಳಗಿನದ್ದು ಅದರ ಲೆಕ್ಕಕ್ಕೇ ಇಲ್ಲ. ಖಾಲಿ ಸಾಲು ಅಳಿಸಿ ಕಂಟ್ರೋಲ್+ಟಿ ಒತ್ತಿ ಟೇಬಲ್ ಮಾಡಿದರೆ ಹೊಸ ಎಂಟ್ರಿಗಳೂ ಒಳಗೇ ಸೇರುತ್ತವೆ. ಆದರೂ ಸೇರಿಸಿದ ಮೇಲೆ ಕಂಟ್ರೋಲ್+ಆಲ್ಟ್+ಎಲ್ ಒತ್ತಿ ಫಿಲ್ಟರನ್ನು ಮತ್ತೆ ಅನ್ವಯಿಸಬೇಕು, ತಾನಾಗಿ ಅದು ಹೊಸದಾಗುವುದಿಲ್ಲ.

ಗಂಜಿನಿಂದ ಮೊಬೈಲಿನಲ್ಲಿ, ಆಫೀಸಿನಿಂದ ಕಂಪ್ಯೂಟರಿನಲ್ಲಿ ಒಂದೇ ಗೂಗಲ್ ಶೀಟ್ ತೆರೆಯುವವರಿಗೆ: ಸಾದಾ ಫಿಲ್ಟರ್ ಎಲ್ಲರ ಸ್ಕ್ರೀನಿಗೂ ಬೀಳುತ್ತದೆ. ನಿಮಗಷ್ಟೇ ಬೇಕಿದ್ದರೆ ಕಂಪ್ಯೂಟರಿನಲ್ಲಿ ಡೇಟಾ ಮೆನುವಿಗೆ ಹೋಗಿ ಫಿಲ್ಟರ್ ವ್ಯೂ ಮಾಡಿಕೊಳ್ಳಿ.