ಗ್ರಾವಿಟಿಗಾಗಿ ಹೊಸ ಪ್ರಾಣಿ: ಎರಡು ವರ್ಷ ಪೋಕೆಮಾನ್ ಶೋಡೌನ್ ಬಳಸಿದ ಮೇಲೆ

ಅಂಕ: ಐದಕ್ಕೆ ನಾಲ್ಕು.

ಪೋಕೆಮಾನ್ ಪ್ರಾಣಿಗಳ ಕಾಳಗವನ್ನು ಬ್ರೌಸರಿನಲ್ಲೇ ಆಡಿಸುವ ತಾಣ ಶೋಡೌನ್; ಬರೀ ಆಡುವವರಿಗೆ ಅದರ ಬಗ್ಗೆ ಹೊಸದಾಗಿ ಹೇಳುವಂಥದ್ದೇನಿಲ್ಲ. ಬ್ರೌಸರ್ ತೆರೆದರೆ ಆಟ ಶುರು, ದುಡ್ಡಿನ ಮಾತಿಲ್ಲ. ಈ ವಿಮರ್ಶೆ ಅದರ ಇನ್ನೊಂದು ಉಪಯೋಗದ ಬಗ್ಗೆ. ಅದರ ಕೋಡ್ ಮುಕ್ತವಾಗಿರುವುದರಿಂದ ಇಳಿಸಿಕೊಂಡು, ನೋಡ್ ಜೆಎಸ್ ಎಂಬ ತಂತ್ರಾಂಶದ ಮೇಲೆ ಸ್ವಂತ ಸರ್ವರ್ ನಡೆಸಿ, ಮೂಲ ಆಟದಲ್ಲಿ ಇಲ್ಲವೇ ಇಲ್ಲದ ಪ್ರಾಣಿಯನ್ನು ಕಣಕ್ಕೆ ಬಿಡಬಹುದು. ಕಲಬುರಗಿಯ ನಮ್ಮ ಗುಂಪು ಕಟ್ಟಿದ ಪ್ರಾಣಿಯ ಹೆಸರು ‘ಫರಸಿ’. ಶಹಾಬಾದ್ ಫರಸಿ ಕಲ್ಲು ಎತ್ತಿದವರಿಗೆ ಹೆಸರಿನ ಕಾರಣ ಬಿಡಿಸಿ ಹೇಳಬೇಕಿಲ್ಲ. ಮೂಲೆಗೆ ಬಿದ್ದ ಗ್ರಾವಿಟಿ ಎಂಬ ಮೂವ್ (ಪಟ್ಟು) ಅನ್ನು ಕೆಲಸಕ್ಕೆ ಹಚ್ಚುವುದೇ ಅದರ ಉದ್ದೇಶ.

ಗ್ರಾವಿಟಿ 2006ರ ಡೈಮಂಡ್, ಪರ್ಲ್ ಆಟಗಳಿಂದ ಇದೆ. ಹಾಕಿದರೆ ಐದು ಟರ್ನ್ (ಸರದಿ) ಹಾರುವವರೆಲ್ಲ ನೆಲಕ್ಕಿಳಿಯುತ್ತಾರೆ. ಫ್ಲೈಯಿಂಗ್ ಟೈಪ್, ತೇಲುವ ಗುಣವಾದ ಲೆವಿಟೇಟ್, ತೇಲಿಸುವ ವಸ್ತುವಾದ ಏರ್ ಬಲೂನ್ ಯಾವುದಿದ್ದರೂ ಗ್ರೌಂಡ್ ಟೈಪಿನ ಮೂವ್ ತಗಲುತ್ತದೆ, ನೆಲಕ್ಕೆ ಹರಡಿದ ಸ್ಪೈಕ್ಸ್ ಚುಚ್ಚುತ್ತದೆ. ಮೇಲಾಗಿ ಗುರಿ, ಅಂದರೆ ಮೂವ್ ತಗಲುವ ಶೇಕಡಾ ಸಾಧ್ಯತೆ, 1.67 ಪಟ್ಟು ಆಗುತ್ತದೆ: 70ರ ಥಂಡರ್, 60ರ ಹಿಪ್ನೋಸಿಸ್ ತಪ್ಪುವುದೇ ಇಲ್ಲ. 50ರ ಝ್ಯಾಪ್ ಕ್ಯಾನನ್ 83ಕ್ಕೆ ಏರುತ್ತದೆ, ಗುರಿ ಹೆಚ್ಚಿಸುವ ವೈಡ್ ಲೆನ್ಸ್ ಹಿಡಿಸಿದರೆ 90 ದಾಟುತ್ತದೆ. ಒಂದೇ ಏಟಿಗೆ ಮಲಗಿಸುವ ಫಿಶರ್‌ನಂಥ ಮೂವ್‌ಗಳಿಗೆ ಮಾತ್ರ ಈ ಲಾಭ ಇಲ್ಲ. ನಿಧಾನದವರಿಗೆ ಮೊದಲ ಸರದಿ ಕೊಡುವ ಟ್ರಿಕ್ ರೂಮ್ ಅನ್ನು ಎದುರಾಳಿ ಮತ್ತೊಮ್ಮೆ ಹಾಕಿ ಕೆಡಿಸಬಹುದು, ಗ್ರಾವಿಟಿಯನ್ನು ಹಾಗೆ ಕೆಡಿಸಲಾಗದು. ಎರಡನೆಯ ಸಲ ಹಾಕಿದರೆ ಮೂವ್ ವಿಫಲ.

ಇಷ್ಟಿದ್ದೂ ಯಾರೂ ಬಳಸದಿರುವುದಕ್ಕೆ ಕಾರಣ ಟರ್ನ್‌ಗಳ ಲೆಕ್ಕ. ಹಾಕಿದ ಟರ್ನ್ ಕೂಡ ಆ ಐದರಲ್ಲೇ ಸೇರುತ್ತದೆ. ಮೊದಲನೆಯದು ಗ್ರಾವಿಟಿಗೆ ಹೋಯಿತು, ಎರಡನೆಯದು ಹೊಡೆಯುವ ಜೊತೆಗಾರನನ್ನು ಕರೆತರಲು ಹೋಯಿತು, ಕೈಯಲ್ಲಿ ಉಳಿದದ್ದು ಮೂರೇ. ಫರಸಿಯ ಇಡೀ ವಿನ್ಯಾಸ ಈ ಮೂರು ಟರ್ನ್‌ಗಳನ್ನು ಕಾಯುವುದಕ್ಕಾಗಿ.

ಪ್ರಾಣಿಯನ್ನು ಒಳಗೆ ಸೇರಿಸುವ ಕೆಲಸ ದೊಡ್ಡದಲ್ಲ. ಡೇಟಾ ಒಳಗಿನ ಮಾಡ್ಸ್ ಫೋಲ್ಡರಿನಲ್ಲಿ ನಿಮ್ಮದೊಂದು ಫೋಲ್ಡರ್ ಮಾಡಿ, ಅದರ ಸ್ಕ್ರಿಪ್ಟ್ಸ್ ಫೈಲಿನಲ್ಲಿ ಪೋಕೆಮಾನ್ ಆಟಗಳ ಒಂಬತ್ತನೇ ತಲೆಮಾರಿನಿಂದ ಎಲ್ಲವನ್ನೂ ಪಡೆಯುವಂತೆ ಒಂದು ಸಾಲು ಬರೆಯಿರಿ. ಪೋಕೆಡೆಕ್ಸ್ ಫೈಲಿಗೆ ಟೈಪ್, ಅಂಕಿ, ಎಬಿಲಿಟಿ (ಪ್ರಾಣಿಯ ಹುಟ್ಟುಗುಣ). ಲರ್ನ್‌ಸೆಟ್ಸ್ ಫೈಲಿಗೆ ಮೂವ್‌ಗಳು. ಪ್ರತಿ ಮೂವ್ ಎದುರು ಕಲಿತ ಬಗೆಯ ಸಂಕೇತ ಬೇಕು, ‘9ಎಂ’ ಅಂದರೆ ಒಂಬತ್ತನೇ ತಲೆಮಾರಿನ ಟಿಎಂ, ಮೂವ್ ಕಲಿಸುವ ಯಂತ್ರ. ಹೊಸಬರು ಎಡವುವುದು ಮೂರನೆಯ ಫೈಲಿನಲ್ಲಿ: ಫಾರ್ಮ್ಯಾಟ್ಸ್ ಡೇಟಾದಲ್ಲಿ ಟಿಯರ್ (ಪ್ರಾಣಿಯ ಶ್ರೇಣಿ) ಕೊಡದಿದ್ದರೆ ಎಲ್ಲ ಸರಿಯಿದ್ದರೂ ಟೀಂ ಅಕ್ರಮ ಅಂತ ತಿರಸ್ಕಾರವಾಗುತ್ತದೆ. ಪ್ರಾಣಿಯ ಐಡಿ ಸಣ್ಣಕ್ಷರದಲ್ಲಿ, ನಡುವೆ ಜಾಗ ಇಲ್ಲದಂತೆ ಇರಲಿ. ಕ್ರಮಸಂಖ್ಯೆಗೆ ಋಣ ಅಂಕಿ ಕೊಡಿ, ಆಗ ಅಸಲಿ ಪ್ರಾಣಿಗಳ ಸಂಖ್ಯೆಗೆ ಡಿಕ್ಕಿ ಹೊಡೆಯುವುದಿಲ್ಲ. ಆಮೇಲೆ ಪ್ರತಿ ತಿದ್ದುಪಡಿಗೂ ಸರ್ವರ್ ನಿಲ್ಲಿಸಬೇಕಿಲ್ಲ, ಅಡ್ಮಿನ್ ಖಾತೆಯಿಂದ ಹಾಟ್‌ಪ್ಯಾಚ್ ಆದೇಶ ಕೊಟ್ಟರೆ ಸಾಕು.

ಫರಸಿಯ ಮೊದಲ ರೂಪ ರಾಕ್-ಸೈಕಿಕ್, ಸ್ಪೀಡ್ 95. ನೋಡಲು ಭಾಳ ಚಂದ, ಆಡಲು ದಂಡ. ಆ ಜೋಡಿಗೆ ಏಳು ದೌರ್ಬಲ್ಯ: ನೀರು, ಹುಲ್ಲು, ಗ್ರೌಂಡ್, ಸ್ಟೀಲ್, ಬಗ್, ಗೋಸ್ಟ್, ಡಾರ್ಕ್. ಗ್ರಾವಿಟಿ ಹಾಕಿದ ಮೇಲೆ, ತಾನು ಹೊರಟು ಜೊತೆಗಾರನನ್ನು ಒಳಗೆ ತರುವ ಟೆಲಿಪೋರ್ಟ್ ಮೂವ್‌ವರೆಗೆ ಉಳಿದರೆ ತಾನೇ? ಸ್ಪೀಡಿಗೆ ಸುರಿದ ಅಂಕಿಯೂ ವ್ಯರ್ಥ, ಯಾಕಂದರೆ ಟೆಲಿಪೋರ್ಟ್‌ನ ಆದ್ಯತೆಯೇ ಮೈನಸ್ 6. ಎಷ್ಟು ಚುರುಕಿದ್ದರೂ ಎದುರಾಳಿ ಹೊಡೆದ ಮೇಲೆಯೇ ಹೊರಡುತ್ತದೆ. ನಮಗೆ ಬೇಕಾದದ್ದೂ ಅದೇ: ಏಟು ಫರಸಿಗೆ ಬೀಳಲಿ, ಜೊತೆಗಾರ ಮೈ ನೋಯದೆ ಒಳಗೆ ಬರಲಿ.

ಈಗಿನ ರೂಪ ಶುದ್ಧ ಗ್ರೌಂಡ್, ಮೂರೇ ದೌರ್ಬಲ್ಯ. ಎಚ್‌ಪಿ (ಜೀವದ ಅಂಕಿ) 105, ಅಟ್ಯಾಕ್ 60, ಡಿಫೆನ್ಸ್ 110, ಸ್ಪೆಷಲ್ ಅಟ್ಯಾಕ್ 75, ಸ್ಪೆಷಲ್ ಡಿಫೆನ್ಸ್ 110, ಸ್ಪೀಡ್ 40; ಒಟ್ಟು 500. ಎಬಿಲಿಟಿ ಪೂರ್ತಿ ಎಚ್‌ಪಿ ಇದ್ದಾಗ ಒಂದೇ ಏಟಿಗೆ ಸಾಯಗೊಡದ ಸ್ಟರ್ಡಿ, ಮೂವ್‌ಗಳು ಗ್ರಾವಿಟಿ, ಟೆಲಿಪೋರ್ಟ್, ಸ್ಪೈಕ್ಸ್, ಅರ್ಥ್ ಪವರ್. ಪ್ರತಿ ಟರ್ನ್ ಸ್ವಲ್ಪ ಎಚ್‌ಪಿ ಮರಳಿಸುವ ಲೆಫ್ಟೋವರ್ಸ್ ಎಂಬ ವಸ್ತುವನ್ನು ಕೊಡುವ ಆಸೆ ಬಿಡಬೇಕು. ಹೊಡೆಯದ ಮೂವ್‌ಗಳನ್ನು ತಡೆಯುವ ಟಾಂಟ್ ಒಂದು ಬಿದ್ದರೆ ಗ್ರಾವಿಟಿಯೂ ಇಲ್ಲ, ಟೆಲಿಪೋರ್ಟೂ ಇಲ್ಲ, ಕಲ್ಲು ಕಲ್ಲಾಗಿಯೇ ಕೂರುತ್ತದೆ. ಅದಕ್ಕೇ ಕೈಗೆ ಟಾಂಟ್ ಅನ್ನು ಒಮ್ಮೆ ಬಿಡಿಸುವ ಮೆಂಟಲ್ ಹರ್ಬ್.

ಶೋಡೌನ್ ಜೊತೆ ಬಳಸುವ ಡ್ಯಾಮೇಜ್ ಕ್ಯಾಲ್ಕ್ಯುಲೇಟರಿನಲ್ಲಿ ಗ್ರಾವಿಟಿಗೇ ಒಂದು ಗುಂಡಿ ಇದೆ. ಅದನ್ನು ಒತ್ತಿ ಜಾಲಿ ಸ್ವಭಾವದ ಗಾರ್ಚಾಂಪ್‌ಗೆ ಅಟ್ಯಾಕಿನಲ್ಲಿ ಗರಿಷ್ಠ ತರಬೇತಿ ಅಂಕಿ 252 ಕೊಡಿ, ಎದುರಿಗೆ ಎಚ್‌ಪಿ, ಡಿಫೆನ್ಸ್ ಎರಡಕ್ಕೂ 252 ಸುರಿದ, ಇಂಪಿಶ್ ಸ್ವಭಾವದ ಸ್ಟೀಲ್-ಫ್ಲೈಯಿಂಗ್ ಪ್ರಾಣಿ ಕಾರ್ವಿನೈಟ್ ನಿಲ್ಲಿಸಿ. ಮಾಮೂಲಿಯಾಗಿ ಗ್ರೌಂಡ್ ಮೂವ್ ಆದ ಅರ್ಥ್‌ಕ್ವೇಕ್‌ನ ಏಟು ಸೊನ್ನೆ. ಗ್ರಾವಿಟಿಯಲ್ಲಿ 400ರ ಎಚ್‌ಪಿಯಲ್ಲಿ 228ರಿಂದ 270 ಹೋಗುತ್ತದೆ, ಯಾಕಂದರೆ ಫ್ಲೈಯಿಂಗ್‌ನ ರಕ್ಷಣೆ ಹೋದ ಮೇಲೆ ಉಳಿಯುವುದು ಸ್ಟೀಲ್‌ನ ದೌರ್ಬಲ್ಯ. ಎರಡೇಟಿಗೆ ಕೆಲಸ ಮುಗಿಯಿತು ಅಂದುಕೊಂಡರೆ ಅಲ್ಲೇ ಮೋಸ. ಕಾರ್ವಿನೈಟ್ ಪ್ರತಿ ಟರ್ನ್ ಅರ್ಧ ಎಚ್‌ಪಿ ಮರಳಿಸುವ ರೂಸ್ಟ್ ಮಾಡಿ 200, ಲೆಫ್ಟೋವರ್ಸ್‌ನಿಂದ ಇನ್ನೊಂದು 25 ವಾಪಸ್ ಪಡೆಯುತ್ತದೆ. ಮೂರು ಸಲವೂ 270 ಬಿದ್ದರೂ ಸಾಯದೆ ಗ್ರಾವಿಟಿ ಮುಗಿಯುವವರೆಗೆ ಕಾಯುತ್ತದೆ. ಹೀಗಾಗಿ ಗಾರ್ಚಾಂಪ್‌ನ ಮೊದಲ ಟರ್ನ್ ಅಟ್ಯಾಕ್ ಎರಡು ಪಟ್ಟು ಮಾಡುವ ಸ್ವೋರ್ಡ್ಸ್ ಡ್ಯಾನ್ಸ್. ಆಮೇಲಿನ ಅರ್ಥ್‌ಕ್ವೇಕ್ ಕನಿಷ್ಠ 456, ರೂಸ್ಟ್‌ಗೆ ಅವಕಾಶವೇ ಇಲ್ಲ. ಲೆವಿಟೇಟ್ ನಂಬಿ ಬಂದ ವಾಷ್ ರೋಟಮ್‌ಗೂ, ಝ್ಯಾಪ್‌ಡಾಸ್‌ಗೂ ಅರ್ಥ್‌ಕ್ವೇಕ್ ಎರಡು ಪಟ್ಟು. ಲ್ಯಾಂಡರಸ್, ಡ್ರ್ಯಾಗೊನೈಟ್‌ಗೆ ಮಾಮೂಲಿ ಏಟಷ್ಟೇ, ಅವರ ಮೇಲೆ ಇದೇ ಆಸೆ ಇಟ್ಟುಕೊಳ್ಳಬೇಡಿ.

ಮೂರು ಟರ್ನ್ ಕಡಿಮೆ ಅನ್ನುವವರಿಗೆ ಶೋಡೌನಿನಲ್ಲೇ ಉತ್ತರ ಇದೆ. ಆಟಗಾರರೇ ಹೊಸ ಪ್ರಾಣಿ ಕಟ್ಟುವ ಕ್ರಿಯೇಟ್-ಎ-ಪೋಕೆಮಾನ್ ಯೋಜನೆಯ ಫಿಡ್ಜಿಟ್‌ಗೆ ಪರ್ಸಿಸ್ಟೆಂಟ್ ಎಂಬ ಎಬಿಲಿಟಿ ಇದ್ದು, ಅದು ಗ್ರಾವಿಟಿಯನ್ನು ಏಳು ಟರ್ನ್ ಮಾಡುತ್ತದೆ. ಫರಸಿಗೆ ಅದನ್ನೇ ಹಚ್ಚಿ ನೋಡಿದೆವು. ಜೊತೆಗಾರನಿಗೆ ಐದು ಟರ್ನ್ ಸಿಕ್ಕ ಕೂಡಲೇ ಯೋಚನೆ ಮಾಡುವ ಕೆಲಸವೇ ಹೋಯಿತು. ಒಳಗೆ ಬಂದ ಕೂಡಲೇ ತಾನೇ ಗ್ರಾವಿಟಿ ಬೀಳುವ ಎಬಿಲಿಟಿ ಇನ್ನೂ ಕೆಟ್ಟದ್ದು: ಟರ್ನ್ ಖರ್ಚಿಲ್ಲ, ಎದುರಾಳಿಗೆ ತಡೆಯುವ ದಾರಿಯಿಲ್ಲ.

ಸ್ವಂತ ಸರ್ವರಿನ ಇತಿಮಿತಿ ಗೊತ್ತಿರಲಿ. ಆಡುವ ಪುಟ ಮೂಲ ತಾಣದಿಂದಲೇ ಬರುವುದರಿಂದ ಟೀಂ ಬಿಲ್ಡರಿಗೆ ಫರಸಿ ಯಾರೆಂದು ಗೊತ್ತಿಲ್ಲ. ಹುಡುಕಿದರೆ ಸಿಗುವುದಿಲ್ಲ, ಟೀಂ ಅನ್ನು ಪಠ್ಯವಾಗಿ ಬರೆದು ಇಂಪೋರ್ಟ್ ಮಾಡಬೇಕು, ಚಿತ್ರವೂ ಇರುವುದಿಲ್ಲ. ನಾವು ಕಳೆದ ಒಂದು ಅಂಕ ಇದಕ್ಕೆ. ಇದೇ ಕಾರಣಕ್ಕೆ ಇಂಟರ್ನೆಟ್ ಇಲ್ಲದೆ ಆಟ ಇಲ್ಲ. ಬೇಸಿಗೆಯಲ್ಲಿ ಕರೆಂಟ್ ಹೋದಾಗ ಲ್ಯಾಪ್‌ಟಾಪ್ ಬ್ಯಾಟರಿ ಮೇಲೆ ಸರ್ವರ್ ನಡೆದರೂ ರೂಟರ್ ಆರಿದರೆ ಎಲ್ಲರೂ ಹೊರಗೆ. ಫೋನಿನ ಹಾಟ್‌ಸ್ಪಾಟಿಗೆ ಬದಲಾದರೆ ಲ್ಯಾಪ್‌ಟಾಪಿನ ಐಪಿ ವಿಳಾಸ ಬದಲಾಗುತ್ತದೆ, ಎಲ್ಲರಿಗೂ ಹೊಸ ವಿಳಾಸ ಕೊಡಬೇಕು. ರೂಟರಿಗೆ ಸಣ್ಣ ಯುಪಿಎಸ್ ಹಾಕುವುದೇ ಸುಲಭ. ಮುಖ್ಯ ಪಂದ್ಯ ಇದ್ದರೆ ನಡುನಡುವೆ ಇನ್‌ಪುಟ್ ಲಾಗ್ (ಇಬ್ಬರ ಆಯ್ಕೆಗಳ ದಾಖಲೆ) ತೆಗೆದಿಡಿ. ಅದರಲ್ಲಿ ಯಾದೃಚ್ಛಿಕ ಸಂಖ್ಯೆಯ ಬೀಜವೂ ಸೇರಿರುತ್ತದೆ, ಹೀಗಾಗಿ ಅದೇ ಪಂದ್ಯವನ್ನು ಅದೇ ಅದೃಷ್ಟದೊಂದಿಗೆ ಮತ್ತೆ ನಡೆಸಬಹುದು.

ಎರಡೆರಡು ಪ್ರಾಣಿ ಒಟ್ಟಿಗೆ ಕಣಕ್ಕಿಳಿಯುವ ಡಬಲ್ಸ್‌ಗೆ ಈ ಫರಸಿಯನ್ನು ತರಬೇಡಿ. ಅಲ್ಲಿ ಜೊತೆಗಾರ ಪಕ್ಕದಲ್ಲೇ ನಿಂತಿರುತ್ತಾನೆ, ಟೆಲಿಪೋರ್ಟ್ ಬೇಕಿಲ್ಲ. ಬೇಕಾದದ್ದು ಜೊತೆಗಾರನಿಗಿಂತ ಮೊದಲು ಗ್ರಾವಿಟಿ ಬೀಳುವುದು. ಸ್ಪೀಡ್ 40 ಇಟ್ಟುಕೊಂಡರೆ ಅವನ ಝ್ಯಾಪ್ ಕ್ಯಾನನ್ ಮೊದಲು ಹೊರಟು, ಹಳೆಯ ಐವತ್ತರ ಗುರಿಯಲ್ಲೇ ಹೋಗುತ್ತದೆ. ಅಲ್ಲಿಗೆ ಹೊಡೆಯದ ಮೂವ್‌ಗಳಿಗೆ ಆದ್ಯತೆ ಹೆಚ್ಚಿಸುವ ಪ್ರ್ಯಾಂಕ್‌ಸ್ಟರ್ ಎಬಿಲಿಟಿ ಇರುವ ಬೇರೆ ಪ್ರಾಣಿಯನ್ನೇ ಕಟ್ಟಬೇಕು.