ಸಿಂಧನೂರಿನ ಝೆರಾಕ್ಸ್ ಕಮ್ ವೀಸಾ ಅಂಗಡಿ: 4 ಸ್ಟಾರ್, ಎಮ್ಮಿ ಪುರಾವೆ ನಡಿಯಂಗಿಲ್ಲ

ಅಂಗಡಿ ಹೆಸರು ಹಾಕಂಗಿಲ್ರೀ, ಓನರ್ ಸಾಹೇಬ್ರೇ ಬ್ಯಾಡ ಅಂದಾರ, ಇರೋ ಗಿರಾಕಿನೇ ಸಾಕಂತ. ಬಸ್ ಸ್ಟ್ಯಾಂಡ್ ಹತ್ರ ಯಾರನ್ನ ಕೇಳಿದ್ರೂ ತೋರಿಸ್ತಾರ. ಎರಡು ಝೆರಾಕ್ಸ್ ಮಷಿನ್, ಒಂದು ಕಂಪ್ಯೂಟರ್, ಒಂದು ಬೆಂಚು, ಗ್ವಾಡಿ ಮ್ಯಾಲ "ಮೊದಲು ಅಡ್ವಾನ್ಸ್, ಆಮೇಲೆ ಕೆಲಸ" ಅಂತ ಬೋರ್ಡು. ಅಂದ್ರ ನಂಬಿಕಿ ವಿಷಯದಾಗ ಇವ್ರೂ ಏನ್ ಕಮ್ಮಿ ಇಲ್ಲ.

ತಂಗಿ ಇಂಗ್ಲೆಂಡಿನ್ಯಾಗ ಅದಾಳ, ಕೂಸು ಹುಟ್ಟೇತಿ, ಅಪ್ಪಾಜಿ ಅವ್ವಗ ಒಂದೂವರೆ ತಿಂಗಳಿಗೆ ವಿಸಿಟರ್ ವೀಸಾ ಬೇಕಿತ್ತು. ಮೊದ್ಲು ದೊಡ್ಡ ಊರಿನ ಎಸಿ ಆಫೀಸಿಗೆ ಹೋಗಿದ್ವಿ. ಟೈ ಕಟ್ಟಿದ ಹುಡುಗ 35 ಸಾವಿರ ಫೀಸು ಅಂದ, ಅದರ ಮ್ಯಾಲ "ಅಂಕಲ್ ಅಕೌಂಟಿಗೆ 8 ಲಕ್ಷ ನಾವೇ ಹಾಕ್ತೀವಿ, ವೀಸಾ ಆದ್ಮ್ಯಾಲ ವಾಪಸ್ ತಗೋತೀವಿ, ಬಡ್ಡಿ ಅಷ್ಟ ಕೊಡ್ರಿ, ಮತ್ತ ಮಗಳು ಅಲ್ಲೇ ಅದಾಳ ಅಂತ ಬರಿಯೋದು ಬ್ಯಾಡ" ಅಂದ. ಅಪ್ಪಾಜಿ ಏನೂ ಮಾತಾಡ್ಲಿಲ್ಲ, ಎದ್ದು ಹೋಗಿ ಚಪ್ಪಲಿ ಹಾಕ್ಕೊಂಡ್ರು.

ಸಿಂಧನೂರಿನ ಓನರ್‌ಗೆ ಇದನ್ನ ಹೇಳಿದ್ರ ತಲಿ ಚಚ್ಕೊಂಡ್ರು. ಸುಳ್ಳು ಕಾಗದ ಸಿಕ್ರ ಬ್ರಿಟನ್‌ನವ್ರು 10 ವರ್ಷ ಬಾಗಿಲು ಹಾಕ್ತಾರಂತ. ಅಲ್ಲಿ ಸಾಮಾನ್ಯಾಗಿ ಮುಖಾಮುಖಿ ಇಂಟರ್‌ವ್ಯೂನೂ ಇಲ್ಲ, ಎಲ್ಲಾ ಕಾಗದದ ಮ್ಯಾಲೇ ತೀರ್ಮಾನ, ಮನಿಮಂದಿನ್ನ ನೋಡಾಕ ಹೋಗೋರಿಗೆ ಮೊದ್ಲು ಇದ್ದ ಅಪೀಲ್ ಹಕ್ಕನ್ನೂ 2013ರಾಗ ತಗದುಬಿಟ್ಟಾರ. ಅಮೆರಿಕಾದ್ದಂತೂ ಕಾನೂನಿನ್ಯಾಗೇ ಬರದೈತಿ, 214(ಬಿ) ಅಂತ, ಟೂರಿಸ್ಟ್ ವೀಸಾ ಕೇಳಾಕ ಬಂದೋರು ಅಲ್ಲೇ ಉಳಿಯಾಕ ಬಂದೋರು ಅಂತನೇ ತಿಳ್ಕೋಬೇಕು, ಅಲ್ಲ ಅಂತ ತೋರಿಸೋದು ನಮ್ಮ ಕೆಲಸ. ಬ್ರಿಟನ್‌ನವ್ರು 2015ರಿಂದ ಒಂದು ಕಂಪ್ಯೂಟರ್ ಇಟ್ಟಿದ್ರು, ಅರ್ಜಿಗೆ ಕೆಂಪು ಹಳದಿ ಹಸಿರು ಬಣ್ಣ ಹಚ್ಚೋದು, ಅದರಾಗ ಯಾವ ದೇಶದೋರು ಅನ್ನೋದನ್ನೂ ನೋಡ್ತಿತ್ತು. ಕೋರ್ಟಿಗೆ ಹೋದ್ಮ್ಯಾಲ 2020ರ ಆಗಸ್ಟ್‌ನ್ಯಾಗ ಕೈಬಿಟ್ರು. ಇಷ್ಟೆಲ್ಲಾ ಈ ಮನುಷ್ಯಾ ಸ್ಟೇಪ್ಲರ್ ಹೊಡ್ಕೋತ ಹೇಳ್ತಾರ.

ನಮ್ಮ ಕೇಸಿನ್ಯಾಗ ಇದ್ದ ತೊಡಕು ಭತ್ತ. ಅಪ್ಪಾಜಿ ಪಾಸ್‌ಬುಕ್‌ನ್ಯಾಗ ತಿಂಗಳಾನುಗಟ್ಟಲೆ 900, 1,200 ಆಡ್ತಿರ್ತೈತಿ, ಡಿಸೆಂಬರ್‌ನ್ಯಾಗ ಒಮ್ಮಿಗೇ 4,12,000 ಬಂದು ಬಿದ್ದೈತಿ. ನಮಗ ಅದು ಸುಗ್ಗಿ, ಅಲ್ಲಿ ಕುಂತೋರಿಗೆ ಯಾರೋ ತಂದು ತುಂಬಿದ ರೊಕ್ಕ. ಹೊಲದ ಆದಾಯಕ್ಕ ಟ್ಯಾಕ್ಸ್ ಇಲ್ಲ, ಹಂಗಾಗಿ ರಿಟರ್ನ್ಸೂ ಇಲ್ಲ. ಓನರ್ ಮೂರು ವರ್ಷದ ತಕ್ ಪಟ್ಟಿ, ಅಂದ್ರ ಭತ್ತ ಮಾರಿದ ಲೆಕ್ಕದ ಚೀಟಿ, ಹುಡುಕಿಸಿದ್ರು (ಒಂದು ಅಟ್ಟದ ಮ್ಯಾಲ ಬೀಜದ ಚೀಲದಾಗ ಸಿಕ್ತು, ಇಲಿ ಅರ್ಧ ತಿಂದಿತ್ತು), ಪಹಣಿ ತಗಸಿದ್ರು, ಎಲ್ಲಾ ಇಂಗ್ಲಿಷಿಗೆ ಮಾಡ್ಸಿ ಟ್ರಾನ್ಸ್‌ಲೇಟರ್ ಸಹಿ ತಾರೀಖು ಹಾಕ್ಸಿದ್ರು, ನಮ್ಮ ಕಡೆ ಕಾಲುವಿ ನೀರು ಯಾವಾಗ ಬಿಡ್ತಾರ, ಕಟಾವು ಯಾವಾಗ, ರೊಕ್ಕ ಯಾವಾಗ ಕೈಗೆ ಬರ್ತೈತಿ ಅಂತ ಒಂದು ಪುಟದ ಲೆಟರ್ ಬರದ್ರು. ಪಹಣಿಯಾಗ ಬಸಪ್ಪ, ಪಾಸ್‌ಪೋರ್ಟ್‌ನ್ಯಾಗ ಬಸವರಾಜ, ಅದಕ್ಕೊಂದು ಅಫಿಡವಿಟ್.

ಆಮ್ಯಾಲ ಅವ್ವನ ಕಡೆ ತಿರುಗಿ, "ಅಮ್ಮಾರ, ನೀವು ವಾಪಸ್ ಯಾಕ ಬರ್ತೀರಿ?" ಅಂದ್ರು. ಅವ್ವಗ ಸಿಟ್ಟು ಬಂತು. "ಯಾಕ ಅಂದ್ರ? ಎಮ್ಮಿ ಈದೈತಿ, ಹಿಂಡೋರು ಯಾರು?" ಓನರ್ ನಗಲಿಲ್ಲ. "ಖರೇನೇ ಐತ್ರಿ, ಆದ್ರ ಎಮ್ಮಿ ಅಟ್ಯಾಚ್ ಮಾಡಾಕ ಬರಂಗಿಲ್ಲ" ಅಂದ್ರು.

ಅವತ್ತು ಬೆಂಚಿನ ಮ್ಯಾಲ ಆರ್‌ಎಚ್ ಕ್ಯಾಂಪಿನ (ನಿರಾಶ್ರಿತರ ಪುನರ್ವಸತಿ ಕ್ಯಾಂಪು) ಒಬ್ಬ ಅಜ್ಜಾರು ಕುಂತಿದ್ರು. ಬಂಗಾಲಿ ಮಂದಿ, ಈಗಿನ ಬಾಂಗ್ಲಾದೇಶ ಪೂರ್ವ ಪಾಕಿಸ್ತಾನ ಇದ್ದಾಗಿಂದ ಅವ್ರ ಬಳಗ ಇಲ್ಲೈತಿ, ಇವ್ರು ಅಕ್ಕನ ಹಿಂದ ತಡವಾಗಿ ಬಂದೋರು, ಕನ್ನಡ ನಮ್ಮಂಗೇ ಮಾತಾಡ್ತಾರ. 2019ರ ಪೌರತ್ವ ತಿದ್ದುಪಡಿ ಕಾಯ್ದೆಗೆ 2024ರ ಮಾರ್ಚ್‌ನ್ಯಾಗ ನಿಯಮ ಬಂದ್ವಲ್ಲ, ಅದರ ಅರ್ಜಿಗೆ ಬಂದಿದ್ರು. ಬಾಂಗ್ಲಾದಿಂದ ಬಂದೋರು ಅನ್ನೋದಕ್ಕೊಂದು ಕಾಗದ, 2014ರ ಡಿಸೆಂಬರ್ 31ರೊಳಗ ಇಲ್ಲಿಗೆ ಬಂದಿದ್ದಕ್ಕೊಂದು ಕಾಗದ ಕೇಳ್ತಾರ. ನಾಕು ಮಡಿಕಿ ಹರಿದ ಚೀಟಿ ತಗದು ಕೊಟ್ರು. ಓನರ್ ಅದನ್ನ ಫೀಡರ್‌ಗೆ ಹಾಕ್ಲಿಲ್ಲ, ಗ್ಲಾಸ್ ಮ್ಯಾಲ ಒಂದೊಂದೇ ಮಡಿಕಿ ಬಿಡಿಸಿ ಇಟ್ಟು ಸ್ಕ್ಯಾನ್ ಮಾಡಿದ್ರು. "ಓಡಿ ಬರೋವಾಗ ಯಾರ್ ಝೆರಾಕ್ಸ್ ಮಾಡ್ಸ್ಕೊಂಡು ಬರ್ತಾರಪ್ಪಾ" ಅಂದ್ರು ಅಜ್ಜಾರು. ಅದಕ್ಕ ಅವ್ವ ಬಾಯಿ ಮುಚ್ಕೊಂಡು ಕುಂತ್ಲು, ಎಮ್ಮಿ ಸುದ್ದಿ ಮತ್ತ ತಗೀಲಿಲ್ಲ.

ಚಾರ್ಜು: ಒಂದು ಅರ್ಜಿಗೆ 1,500, ಟ್ರಾನ್ಸ್‌ಲೇಷನ್ ಪುಟಕ್ಕ 300, ಬೆರಳಚ್ಚಿಗೆ ಬೆಂಗಳೂರಿಗೆ ನಾವೇ ಹೋಗ್ಬೇಕು. ಮೂರು ವಾರಕ್ಕ ಎರಡೂ ವೀಸಾ ಬಂದ್ವು. ಒಂದು ಸ್ಟಾರ್ ಯಾಕ ಕಟ್ ಅಂದ್ರ ಫೋನ್ ಎತ್ತಂಗಿಲ್ಲ, ಕರೆಂಟ್ ಹೋದ್ರ ಇನ್ವರ್ಟರ್ ಇಲ್ಲ, ಎರಡು ದಿನ ಸುಮ್ನ ಓಡಾಡಿದ್ವಿ.

ಪಾಸ್‌ಪೋರ್ಟ್ ತೋರ್ಸಾಕ ಅಂತ ಪೇಡಾ ತಗೊಂಡು ಹೋದ್ರ ಓನರ್ ಅದೇ ಕಾಗದದ ಇನ್ನೊಂದು ಸೆಟ್ ಮಾಡಿ ಪ್ಲಾಸ್ಟಿಕ್ ಕವರ್‌ಗೆ ಹಾಕಿ ಅವ್ವನ ಕೈಯಾಗ ಕೊಟ್ರು. ವೀಸಾ ಇದ್ರೂ ಅಲ್ಲಿ ಏರ್‌ಪೋರ್ಟಿನ್ಯಾಗ ಮತ್ತ ಕೇಳಬಹುದು, ದೊಡ್ಡ ಬ್ಯಾಗಿನ್ಯಾಗ ಹಾಕಬ್ಯಾಡ್ರಿ, ಕೈಯಾಗೇ ಇರ್ಲಿ ಅಂದ್ರು. 42 ಪುಟ, 84 ರೂಪಾಯಿ, ಪೇಡಾ ತಿನ್ಕೋತನೇ ಇಸ್ಕೊಂಡ್ರು.