ಟೈಮರ್ ನಿಂತರೂ ಅದರ ಕೆಲಸ ನಿಂತಿರುವುದಿಲ್ಲ

ಮೈಕ್ರೋಸಾಫ್ಟ್‌ನ ಪ್ರೋಗ್ರಾಮಿಂಗ್ ವೇದಿಕೆಯಾದ ಡಾಟ್‌ನೆಟ್‌ನಲ್ಲಿ, ನಿಗದಿತ ಹೊತ್ತಿಗೊಮ್ಮೆ ಕೆಲಸ ಓಡಿಸುವ ‘ಸಿಸ್ಟಮ್.ಥ್ರೆಡಿಂಗ್.ಟೈಮರ್’ ನಂಬಿ ಸರ್ವರ್ ನಡೆಸುತ್ತಿರುವವರು ದಯವಿಟ್ಟು ಓದಿ. ಹೊರಗುತ್ತಿಗೆಯವರು ಬರೆದು ನಮ್ಮ ತಂಡಕ್ಕೆ ಒಪ್ಪಿಸಿಹೋದ ಒಂದು ಸರ್ವಿಸ್ ಕೊಟ್ಟ ಕಾಟದ ಕಥೆ ಇದು.

ಅದರ ಕೆಲಸ ಇಷ್ಟೇ: 10 ಸೆಕೆಂಡಿಗೊಮ್ಮೆ ಡೇಟಾಬೇಸ್ ನೋಡಿ, ಬಾಕಿ ಉಳಿದ ಸಂದೇಶಗಳನ್ನು ಗ್ರಾಹಕರಿಗೆ ಕಳುಹಿಸುವುದು. ಒಂದು ರಾತ್ರಿ ಡೇಟಾಬೇಸ್ ನಿಧಾನವಾಗಿ, ಒಂದು ಸುತ್ತು ಮುಗಿಯಲು ಅರ್ಧ ನಿಮಿಷಕ್ಕೂ ಹೆಚ್ಚು ಹಿಡಿಯತೊಡಗಿತು. ಟೈಮರ್‌ಗೆ ಅದರ ಗೊಡವೆಯೇ ಇಲ್ಲ. ಹಿಂದಿನ ಸುತ್ತು ಮುಗಿಯಿತೇ ಎಂದು ಕೇಳದೆ, ಹೊತ್ತಾದೊಡನೆ ಥ್ರೆಡ್ ಪೂಲ್‌ನ (ಏಕಕಾಲಕ್ಕೆ ಓಡಬಲ್ಲ ಕೆಲಸದ ಎಳೆಗಳಾದ ಥ್ರೆಡ್‌ಗಳ ಗುಂಪಿನ) ಇನ್ನೊಂದು ಥ್ರೆಡ್‌ನಲ್ಲಿ ಅದೇ ಕಾಲ್‌ಬ್ಯಾಕ್ (ಟೈಮರ್ ಕರೆಯುವ ಫಂಕ್ಷನ್) ಓಡಿಸುತ್ತದೆ. ಮೂರು ನಾಲ್ಕು ಥ್ರೆಡ್‌ಗಳು ಅದೇ ಸಾಲುಗಳನ್ನು ಓದಿದವು. ಒಂದೇ ಸಂದೇಶ ಅಷ್ಟೇ ಬಾರಿ ಹೋಯಿತು. ದೂರುಗಳು ಬೆಳಗಾಗುವವರೆಗೆ ಕಾಯಲಿಲ್ಲ.

ಗುತ್ತಿಗೆಯವರು ಸೂಚಿಸಿದ ಮದ್ದು, ಕಾಲ್‌ಬ್ಯಾಕ್ ಸುತ್ತ ಒಂದು ಲಾಕ್, ಅಂದರೆ ಒಮ್ಮೆಗೆ ಒಂದೇ ಥ್ರೆಡ್ಡನ್ನು ಒಳಬಿಡುವ ಬೀಗ. ಸಂದೇಶಗಳು ಮರುಕಳಿಸುವುದು ನಿಂತಿತು. ಆದರೆ ಟೈಮರ್ ಹುಟ್ಟಿಸಿದ ಪ್ರತಿ ಹೊಸ ಸುತ್ತೂ ಒಂದು ಥ್ರೆಡ್ ಹಿಡಿದುಕೊಂಡು ಲಾಕ್‌ಗಾಗಿ ಕಾಯುತ್ತ ನಿಂತಿತು. ಪೂಲ್ ಹೊಸ ಥ್ರೆಡ್ ಕೊಡುವುದರಲ್ಲಿ ಜಿಪುಣ. ಟೈಮರ್‌ಗೆ ಸಂಬಂಧವೇ ಇಲ್ಲದ ಕೋರಿಕೆಗಳೂ ತಡವಾಗತೊಡಗಿದವು. ನನ್ನ ಮಟ್ಟಿಗೆ ಇದು ಮೊದಲಿನ ರೋಗಕ್ಕಿಂತ ಕೆಟ್ಟದ್ದು. ಎರಡೆರಡು ಸಲ ಹೋದ ಸಂದೇಶ ಯಾರ ಕಣ್ಣಿಗಾದರೂ ಬೀಳುತ್ತದೆ, ಕಾಯುತ್ತ ನಿಂತ ಥ್ರೆಡ್ ಲಾಗ್‌ನಲ್ಲಿ ಒಂದು ಸಾಲನ್ನೂ ಬರೆಯುವುದಿಲ್ಲ.

ನಿಜವಾದ ಬಲೆ ಇದ್ದದ್ದು ಸರ್ವಿಸ್ ನಿಲ್ಲಿಸುವ ಕಡೆ. ಅಲ್ಲಿ ಟೈಮರನ್ನು ಕೊನೆಗೊಳಿಸುವ ‘ಡಿಸ್ಪೋಸ್’ ಕರೆದು, ಮರುಸಾಲಿನಲ್ಲೇ ಡೇಟಾಬೇಸ್ ಸಂಪರ್ಕ ಮುಚ್ಚಲಾಗಿತ್ತು. ‘ಡಿಸ್ಪೋಸ್’ ಯಾರಿಗಾಗಿಯೂ ಕಾಯುವುದಿಲ್ಲ. ಓಡುತ್ತಿರುವ ಕಾಲ್‌ಬ್ಯಾಕ್ ಓಡುತ್ತಲೇ ಇರುತ್ತದೆ. ಆಗಲೇ ಸರದಿಗೆ ಸೇರಿದ್ದು ಆಮೇಲೂ ಶುರುವಾಗಬಹುದು. ಮುಚ್ಚಿದ ಸಂಪರ್ಕಕ್ಕೆ ಅದು ಕೈಹಾಕಿ ಎಕ್ಸೆಪ್ಶನ್ (ದೋಷದ ಸೂಚನೆ) ಎಸೆಯಿತು. ಪೂಲ್‌ನ ಥ್ರೆಡ್‌ನಲ್ಲಿ ಯಾರೂ ಹಿಡಿಯದ ಎಕ್ಸೆಪ್ಶನ್ ಇಡೀ ಪ್ರೋಸೆಸ್ಸನ್ನೇ ಕೆಡವುತ್ತದೆ, ಅರ್ಧ ಬರೆದ ದಾಖಲೆಗಳ ಸಮೇತ.

ಕಾಲ್‌ಬ್ಯಾಕ್‌ಗಳು ಮುಗಿದಾಗ ಸೂಚನೆ ಕೊಡುವ, ವೇಟ್‌ಹ್ಯಾಂಡಲ್ (ಕಾಯುವವರಿಗೆ ಸಂಕೇತ ಕೊಡುವ ವಸ್ತು) ತೆಗೆದುಕೊಳ್ಳುವ ಇನ್ನೊಂದು ‘ಡಿಸ್ಪೋಸ್’ ಇದೆ. ಮುಂದಿನ ತಿದ್ದುಪಡಿಯಲ್ಲಿ ಅದು ಬಂತು, ಆದರೆ ಅದೇ ಲಾಕ್‌ನ ಒಳಗೆ! ನಿಲ್ಲಿಸುವವನು ಲಾಕ್ ಹಿಡಿದು ಕಾಲ್‌ಬ್ಯಾಕ್‌ಗಾಗಿ ಕಾಯುತ್ತಾನೆ, ಕಾಲ್‌ಬ್ಯಾಕ್ ಲಾಕ್‌ಗಾಗಿ ಕಾಯುತ್ತದೆ. ಸರ್ವಿಸ್ ನಿಲ್ಲಲೇ ಇಲ್ಲ. ಲಿನಕ್ಸ್ ಕರ್ನಲ್‌ನಲ್ಲಿ ಟೈಮರ್ ಅಳಿಸಿ ಅದು ಮುಗಿಯುವವರೆಗೆ ಕಾಯುವ ಫಂಕ್ಷನ್‌ಗೂ ಇದೇ ಎಚ್ಚರಿಕೆ ಬರೆದಿಟ್ಟಿದ್ದಾರೆ.

ಕೊನೆಗೆ ಲಾಕ್ ಕಿತ್ತುಹಾಕಿದೆವು. ಡಾಟ್‌ನೆಟ್ 6ರಿಂದ ಬಂದಿರುವ ‘ಪೀರಿಯಾಡಿಕ್‌ಟೈಮರ್’ ಇಟ್ಟುಕೊಂಡು ಒಂದೇ ಲೂಪ್ ಓಡಿಸುತ್ತೇವೆ: ಕೆಲಸ ಮುಗಿದ ಮೇಲಷ್ಟೇ ಮುಂದಿನ ಸುತ್ತಿಗೆ ಕಾಯುವುದು. ನಿಲ್ಲಿಸುವಾಗ ರದ್ದತಿ ಸೂಚನೆ ಕೊಟ್ಟು, ಲೂಪ್ ಮುಗಿಯುವವರೆಗೆ ಕಾದು, ಆಮೇಲೆ ಸಂಪರ್ಕ ಮುಚ್ಚುತ್ತೇವೆ. ಹಳೆಯ ಆವೃತ್ತಿಯಲ್ಲಿರುವವರು ಟೈಮರನ್ನು ಒಂದೇ ಸಲ ಬಡಿಯುವಂತೆ ಇಟ್ಟು, ಕಾಲ್‌ಬ್ಯಾಕ್‌ನ ಕೊನೆಯಲ್ಲಿ ‘ಚೇಂಜ್’ ಕರೆದು ಮತ್ತೆ ಹೂಡಬಹುದು.

ಬೇರೆ ಕಡೆ ಬಲೆಗಳೂ ಬೇರೆ. ಜಾವಾದ ‘ಶೆಡ್ಯೂಲ್ಡ್ ಎಕ್ಸಿಕ್ಯೂಟರ್’ನಲ್ಲಿ ಮರುಕಳಿಸುವ ಕೆಲಸದ ಸುತ್ತುಗಳು ಒಂದರ ಮೇಲೊಂದು ಬೀಳುವುದಿಲ್ಲ, ಆದರೆ ಒಂದು ಸುತ್ತು ಎಕ್ಸೆಪ್ಶನ್ ಎಸೆದರೆ ಮುಂದಿನವೆಲ್ಲ ಸದ್ದಿಲ್ಲದೆ ರದ್ದು. ಸಿ++ ಲೈಬ್ರರಿಯಾದ ಕ್ಯೂಟಿಯಲ್ಲಿ ಟೈಮರನ್ನು ಅದರದೇ ಥ್ರೆಡ್‌ನಿಂದ ನಿಲ್ಲಿಸಬೇಕು.

ನಿಮ್ಮ ಕೋಡ್ ಪರೀಕ್ಷಿಸಲು ಕಾಲ್‌ಬ್ಯಾಕ್ ಒಳಗೆ 40 ಸೆಕೆಂಡಿನ ನಿದ್ದೆ ಹಾಕಿ, ಶುರು ಮತ್ತು ಮುಕ್ತಾಯವನ್ನು ಥ್ರೆಡ್ ಸಂಖ್ಯೆಯೊಂದಿಗೆ ಲಾಗ್ ಮಾಡಿ, ನಡುವೆ ಸರ್ವಿಸ್ ನಿಲ್ಲಿಸಿ. ಒಂದರ ಮುಕ್ತಾಯಕ್ಕೆ ಮುಂಚೆ ಇನ್ನೊಂದರ ಶುರು ಕಂಡರೆ, ಅಥವಾ ಸಂಪರ್ಕ ಮುಚ್ಚಿದ ಮೇಲೂ ಕಾಲ್‌ಬ್ಯಾಕ್‌ನ ಸಾಲು ಕಂಡರೆ, ಬಿಡುಗಡೆಯನ್ನು ತಡೆಹಿಡಿಯಿರಿ.